ಮಗನಿಗಿಂತ ಒಂದು ದಿನ ಹೆಚ್ಚು

ಬೀದಿಯವರೆಲ್ಲ ಅವಳಿಗೆ ಇಟ್ಟ ಹೆಸರು ಹದಿನಾರಮ್ಮ. ಎಪ್ಪತ್ತರ ಹತ್ತಿರ ಬಂದ ಹೆಂಗಸರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರೆ, ಇವಳು ಅದೇ ಮೆಟ್ಟಿಲನ್ನು ಏದುಸಿರು ಬರುವವರೆಗೆ ಹತ್ತಿ ಇಳಿಯುತ್ತಿದ್ದಳು. ತಣ್ಣೀರು ಸ್ನಾನ, ರಾತ್ರಿ ಊಟಕ್ಕೆ ರಜೆ, ಸಕ್ಕರೆಗೆ ದೂರದಿಂದಲೇ ನಮಸ್ಕಾರ. ಮೊಬೈಲಿನಲ್ಲಿ ಯಾವನಾದರೂ ಪಂಡಿತ ವಯಸ್ಸನ್ನು ಹಿಂದಕ್ಕೆ ತಿರುಗಿಸಬಹುದು ಎಂದರೆ ಸಾಕು, ಹೊಲಿಗೆ ಮಿಷನ್ ನಿಲ್ಲಿಸಿ ಮೈಯೆಲ್ಲ ಕಿವಿಯಾಗುತ್ತಿದ್ದಳು. “ಈ ವಯಸ್ಸಲ್ಲಿ ಯಾರನ್ನ ಮರುಳು ಮಾಡೋಕೆ ಇಷ್ಟೆಲ್ಲ?” ಎಂದು ಕೆಳಗಿನ ಲಾಂಡ್ರಿಯವಳು ಕಿಚಾಯಿಸಿದರೆ, “ಯಮನನ್ನ” ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದಳು.

ಹಾಗೆಂದು ಅವಳಿಗೆ ಚೆಲುವಿನ ಹುಚ್ಚೇನೂ ಇರಲಿಲ್ಲ. ಕನ್ನಡಿ ನೋಡಿಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು? ಅವಳಿಗೊಬ್ಬ ಮಗ. ನಲವತ್ತು ದಾಟಿದವನು, ತಲೆಯಲ್ಲಿ ಅಲ್ಲಲ್ಲಿ ನರೆ, ಬುದ್ಧಿ ಮಾತ್ರ ಆರೇಳು ವರ್ಷದ ಹುಡುಗನದು. ಊರಿಗೆಲ್ಲ ಅವನು ಪುಟ್ಟ. ಅವನು ಇನ್ನೂ ಚಿಕ್ಕವನಿರುವಾಗಲೇ ಗಂಡ ತೀರಿಕೊಂಡ. ಅಂದಿನಿಂದ ಅವಳು ಬೇಡಿದ್ದು ಒಂದೇ: ಮಗನಿಗಿಂತ ಒಂದು ದಿನ ಹೆಚ್ಚು ಬದುಕಬೇಕು. ಹೆತ್ತವಳು ಬಾಯಿಬಿಟ್ಟು ಕೇಳಬಾರದ ವರ ಅದು, ಅವಳಿಗೂ ಗೊತ್ತಿತ್ತು. ಆದರೆ ತಾನು ಹೋದ ಮರುದಿನ ಇವನ ತಟ್ಟೆಗೆ ಊಟ ಹಾಕುವವರು ಯಾರು ಎಂದು ನೆನೆದಾಗಲೆಲ್ಲ ಎದ್ದು ಇನ್ನೊಂದು ಸುತ್ತು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು.

ಲಾಂಡ್ರಿಗೆ ಬಂದ ಬಟ್ಟೆಗಳಲ್ಲಿ ಜಿಪ್ಪು ಕಿತ್ತವು, ಅಂಚು ಬಿಚ್ಚಿದವು ಬುಟ್ಟಿಯಲ್ಲಿ ಮೇಲೆ ಬರುತ್ತಿದ್ದವು. ಅವಳ ಕೈ ದಾಟಿ ಕೆಳಗೆ ಹೋಗುತ್ತಿದ್ದವು. ಅದು ಬಿಟ್ಟರೆ ಹೊರಗಿನ ಜಗತ್ತಿಗೂ ಅವಳಿಗೂ ವ್ಯವಹಾರ ಕಡಿಮೆ. ಮದುವೆ ಮನೆಗೆ ಹೋದರೆ ನೆಗಡಿ ಅಂಟೀತು, ಸಾವಿನ ಮನೆಗೆ ಹೋದರೆ ಕೆಮ್ಮು ಹತ್ತೀತು. ಕರೆದು ಕರೆದು ನೆಂಟರೂ ಸುಮ್ಮನಾದರು. ಅವಳ ಜೊತೆಗೇ ಹೊಲಿಗೆ ಕಲಿತ ಗೆಳತಿ ಶ್ವಾಸಕೋಶ ಕೆಟ್ಟು ಮಲಗಿದಾಗ ಆಸ್ಪತ್ರೆಯ ಬಾಗಿಲವರೆಗೂ ಹೋಗಿ ವಾಪಸು ಬಂದಿದ್ದಳು. ಗೆಳತಿ ಹೋದಳು. ಆಮೇಲೆ ಎಷ್ಟೋ ದಿನ ಮಿಷನ್ನಿನ ಬಾಬಿನ್‌ಗೆ ದಾರ ಸುತ್ತುತ್ತಾ ಕೂತಲ್ಲೇ ಅತ್ತಳು.

ಇಷ್ಟು ವರ್ಷದಲ್ಲಿ ಆ ಪುಟ್ಟನಿಗೆ ಒಂದು ಗುಂಡಿ ಹಾಕಿಕೊಳ್ಳಲು ಕಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಿ, ನನಗೂ ಅದೇ ಸಿಟ್ಟು. ಅಂಗಿಯ ಗುಂಡಿ ಅವಳೇ ಹಾಕಬೇಕು, ಬ್ರೆಡ್ಡು ಅವಳೇ ಮುರಿದು ಕೊಡಬೇಕು, ಬಾಯಿ ಅವಳೇ ಒರೆಸಬೇಕು. ಅವನು ಕೈ ಮುಂದೆ ಮಾಡಿದರೆ, “ನಿಂಗಾಗಲ್ಲ ಕಣೋ, ಬಿಡು” ಎನ್ನುತ್ತಿದ್ದಳು. ಪ್ಯಾಂಟಿನ ಅಂಚು ಬಿಚ್ಚಿ ಉದ್ದ ಮಾಡಿದ ಹಾಗೆ ತನ್ನ ಆಯುಸ್ಸನ್ನು ಉದ್ದ ಮಾಡಿಬಿಟ್ಟರೆ ಮುಗಿಯಿತು, ಅವನು ಏನೂ ಕಲಿಯಬೇಕಾಗಿಲ್ಲ ಎಂಬುದು ಅವಳ ಎಣಿಕೆ.

ಹೀಗಿರುವಾಗ ದೊಡ್ಡಾಸ್ಪತ್ರೆಯಲ್ಲಿ ಮುಪ್ಪನ್ನು ನಿಧಾನಗೊಳಿಸುವ ಹೊಸ ಔಷಧಿಯ ಪರೀಕ್ಷೆಗೆ ವಯಸ್ಸಾದವರು ಬೇಕು ಎಂಬ ಸುದ್ದಿ ಬಂತು. ಬಾಗಿಲು ತೆಗೆಯುವ ಮೊದಲೇ ಅವಳು ಅಲ್ಲಿ ಹಾಜರು. ಆದರೆ ಆಯ್ಕೆಗೆ ಮುಂಚೆ ತಪಾಸಣೆಗೆಂದು ಒಂದು ವಾರ ವಾರ್ಡಿನಲ್ಲೇ ಇರಬೇಕಿತ್ತು. ಮಗನನ್ನು ಬಿಟ್ಟು ಒಂದು ರಾತ್ರಿಯೂ ಮಲಗಿದವಳಲ್ಲ. ಹೋಗಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಅವನಿಗೋಸ್ಕರ ತಾನೇ ಎಂದು ಹೊರಟಳು. ವಾರದ ಊಟ ಡಬ್ಬಿಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟಳು. ಚಾಕು, ಕತ್ತರಿಗಳನ್ನೆಲ್ಲ ಅಟ್ಟಕ್ಕೇರಿಸಿದಳು. ಸ್ಟೌವಿನ ತಿರುಗಣೆಗಳನ್ನು ಕಿತ್ತು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೇ ಒಯ್ದಳು.

“ದಿನಕ್ಕೆರಡು ಸಲ ಹೋಗಿ ಊಟ ಹಾಕಿ, ಅಂಗಿ ಗುಂಡಿ ಹಾಕಿ ಬಾ, ಅಷ್ಟು ಸಾಕು” ಎಂದು ಲಾಂಡ್ರಿಯವಳಿಗೆ ಹೇಳಿದಳು.

“ನೀನು ಹೋಗಿ ಬಾರಕ್ಕಾ. ಅವನೇನು ಮಗುವಾ?”

“ಮತ್ತಿನ್ನೇನು?” ಎಂದು ಇವಳು ರೇಗಿದಳು.

ವಾರ್ಡಿನಲ್ಲಿ ಉಳಿದ ಮುದುಕಿಯರು ಹರಟೆ ಹೊಡೆಯುತ್ತಿದ್ದರು. ಒಬ್ಬಳಿಗೆ ಮೊಮ್ಮಗಳ ಮಗುವನ್ನು ಎತ್ತಿಕೊಳ್ಳುವ ಆಸೆ, ಇನ್ನೊಬ್ಬಳಿಗೆ ಸೊಸೆಯನ್ನು ಇನ್ನಷ್ಟು ವರ್ಷ ಗೋಳುಹೊಯ್ದುಕೊಳ್ಳುವ ಆಸೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವಳು ಗೋಡೆಗೆ ಮುಖ ಮಾಡಿ ಮಲಗಿದಳು. ಫೋನ್ ಮಾಡಿದಾಗಲೆಲ್ಲ ಲಾಂಡ್ರಿಯವಳು, “ಚೆನ್ನಾಗಿದಾನೆ, ಇಡ್ತೀನಿ, ಗಿರಾಕಿ ಬಂದ್ರು” ಎನ್ನುತ್ತಿದ್ದಳು. ಏನೋ ಮುಚ್ಚಿಡುತ್ತಿದ್ದಾಳೆ ಎಂದು ಇವಳ ಜೀವ ಬಾಯಿಗೆ ಬರುತ್ತಿತ್ತು.

ಬಿಡುಗಡೆಯ ದಿನ ಡಾಕ್ಟರಮ್ಮ ನಗುನಗುತ್ತಾ ಬಂದಳು. “ಅಮ್ಮಾ, ನಿಮ್ಮ ಹೃದಯ, ಮೂಳೆ ಎಲ್ಲ ಗಟ್ಟಿಮುಟ್ಟು. ಐವತ್ತೈದರವರ ಮೈ ಇದು. ನೀವು ಆಯ್ಕೆ ಆಗಿದೀರಿ. ಔಷಧಿ ಹಿಡಿದ್ರೆ ನೂರು ವರ್ಷಕ್ಕೆ ಮೋಸ ಇಲ್ಲ.”

ಬಸ್ಸಿನಲ್ಲಿ ಅವಳು ಒಬ್ಬಳೇ ನಕ್ಕಳು. ಗೆದ್ದೆ ಎನಿಸಿತು. ಪಕ್ಕದವನು ಕೆಮ್ಮಿದರೂ ಮುಖ ತಿರುಗಿಸಲಿಲ್ಲ.

ಮನೆಗೆ ಬೀಗ. ತನ್ನ ಕೀಲಿಯಿಂದ ಬಾಗಿಲು ತೆಗೆದರೆ ಹಾಸಿಗೆಯ ಹೊದಿಕೆ ಕದಲಿಲ್ಲ, ಫ್ರಿಜ್ಜಿನ ಡಬ್ಬಿಗಳನ್ನು ಯಾರೂ ಮುಟ್ಟಿಲ್ಲ. ಒಂದೇ ಉಸಿರಿಗೆ ಕೆಳಗೆ ಓಡಿದಳು.

ಪುಟ್ಟ ಲಾಂಡ್ರಿಯ ಉದ್ದನೆಯ ಮೇಜಿನ ಮುಂದೆ ನಿಂತು ಟವೆಲ್ ಮಡಿಸುತ್ತಿದ್ದ. ನಾಲಿಗೆ ತುದಿ ಹೊರಗೆ ಚಾಚಿಕೊಂಡು, ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ನೀವಿ, ಅಟ್ಟಿಯ ಮೇಲೆ ಇಟ್ಟ. ಅಂಗಿಯ ಗುಂಡಿಗಳು ಒಂದೊಂದು ಗುಂಡಿಮನೆ ತಪ್ಪಿ ಕೂತಿದ್ದವು. ಬೇರೆ ಯಾರೂ ಹಾಕಿದ್ದಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

“ಮೊದಲ ದಿನವೇ ಇಳಿದು ಬಂದ ಕಣಕ್ಕಾ” ಎಂದಳು ಲಾಂಡ್ರಿಯವಳು. “ಊಟ ನಮ್ಮ ಜೊತೆ, ನಿದ್ದೆ ಒಳಗಿನ ರೂಮಲ್ಲಿ. ಎರಡು ದಿನ ವಕ್ರವಕ್ರ ಮಡಿಸಿದ, ಆಮೇಲೆ ಕೈ ಕೂತ್ಕೊಂಡ್ತು. ನೀನು ಗಾಬರಿ ಬಿದ್ದು ಓಡಿ ಬರ್ತೀಯ ಅಂತ ಫೋನಲ್ಲಿ ಹೇಳ್ಲಿಲ್ಲ. ನೀನಿರ್ಲಿ ಇಲ್ದಿರ್ಲಿ, ಇಲ್ಲಿ ಇವನಿಗೊಂದು ಜಾಗ ಇದೆ. ನನ್ನ ಮಕ್ಕಳೂ ಒಪ್ಪಿದಾರೆ.”

ನಲವತ್ತು ವರ್ಷ ಕೇಳಲು ಕಾದಿದ್ದ ಮಾತು. ಅಭ್ಯಾಸಬಲದಿಂದ ಮಗನ ಗುಂಡಿ ಸರಿಮಾಡಲು ಕೈ ಚಾಚಿದಳು. ಅವನು ಹಿಂದೆ ಸರಿದ.

“ಅಮ್ಮಾ, ಮತ್ತೆ ಯಾವಾಗ ಆಸ್ಪತ್ರೆಗೆ ಹೋಗ್ತೀಯಾ?”

ಪಾಪ, ಎಷ್ಟು ಹಂಬಲಿಸಿದೆಯೋ ಜೀವ ಎಂದು ಅವಳ ಕಣ್ಣು ತುಂಬಿತು. “ಇಲ್ಲ ಕಂದಾ, ಇನ್ನು ಎಲ್ಲೂ ಹೋಗಲ್ಲ. ನಿನ್ನ ಬಿಟ್ಟು ಹೋಗಲ್ಲ.”

ಪುಟ್ಟನ ಮುಖ ಸಪ್ಪಗಾಯಿತು. ಕೈಯಲ್ಲಿದ್ದ ಟವೆಲ್ ಅರ್ಧಕ್ಕೇ ನಿಂತಿತು. “ಹಾಗಾದ್ರೆ ನಾನು ಮೇಲೆ ಬರಬೇಕಾ?”

ಅವಳು ಅಟ್ಟಿಯ ಮೇಲಿನ ಟವೆಲನ್ನು ಒಮ್ಮೆ ನೀವಿದಳು. ಆಮೇಲೆ, “ಬೇಡ, ಕೆಲಸ ಮುಗಿಸು” ಎಂದಳು.

ಮೆಟ್ಟಿಲು ಹತ್ತಿದಳು. ಏದುಸಿರೂ ಬರಲಿಲ್ಲ, ಐವತ್ತೈದರ ಮೈ. ಚೀಲದಿಂದ ತಿರುಗಣೆಗಳನ್ನು ತೆಗೆದು ಒಂದೊಂದಾಗಿ ಸ್ಟೌವಿಗೆ ಸಿಕ್ಕಿಸಿದಳು. ಒಂದು ಡಬ್ಬಿ ಬಿಸಿ ಮಾಡಿ ತಟ್ಟೆಗೆ ಸುರಿದುಕೊಂಡು ಕೂತಳು. ಎದುರಿನ ಕುರ್ಚಿ ಖಾಲಿ. ಸಾಯುವ ಭಯ ಹೋಗಿತ್ತು, ನಿಜವಾಗಿ ಹೋಗಿತ್ತು. ಬದುಕುವುದು ಯಾರಿಗಾಗಿ ಎಂಬ ಪ್ರಶ್ನೆ ಅವಳಿಗೆ ಮೊದಲ ಸಲ ಬಂತು. ಕೆಳಗಿನಿಂದ ಮಗ ಯಾವುದಕ್ಕೋ ಗಟ್ಟಿಯಾಗಿ ನಕ್ಕಿದ್ದು ಕೇಳಿಸಿತು. ಏನಕ್ಕೆ ನಕ್ಕ ಎಂದು ಕೇಳಲು ಎದ್ದಳು, ಬಾಗಿಲವರೆಗೆ ಹೋದಳು, ಅವನ ಕೆಲಸ ಕೆಟ್ಟೀತೆಂದು ಮತ್ತೆ ಬಂದು ಕೂತಳು.