ಚಹಾ ಮುಗಿಯುವವರೆಗೂ ಬಾಳದ ರಾಜೀನಾಮೆ

ಗೆಳೆಯರೇ, ಇಂದು ಬೆಳಿಗ್ಗೆ ಆರಾಧನೆ ಮುಗಿದ ಕೂಡಲೇ ನಾನು ಚರ್ಚಿನ ಕ್ವಾಯರ್ ಬಿಟ್ಟೆ. ಒಂಬತ್ತು ವರ್ಷದಿಂದ ಅದನ್ನು ನಡೆಸುತ್ತಿರುವವಳು ನಾನೇ. ನಿನ್ನೆ ಅಭ್ಯಾಸಕ್ಕೆ ಬಂದವರು ಮೂವರು. ಇಂದು ಬಿಳಿ ನಿಲುವಂಗಿ ತೊಟ್ಟು ಹಾಡಲು ನಿಂತವರು ಹದಿನಾಲ್ಕು ಮಂದಿ! ಎರಡನೇ ಚರಣದಲ್ಲಿ ಹದಿನಾಲ್ಕೂ ಮಂದಿ ಹದಿನಾಲ್ಕು ದಾರಿ ಹಿಡಿದರು.

ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಎಲ್ಸಿ ಆಂಟಿಗೆ ಮೊದಲು ಹೇಳಿದೆ. ಆಂಟಿಗೆ ಎಪ್ಪತ್ತೆಂಟು. ಕಾವೂರಿನಿಂದ ಎರಡು ಬಸ್ಸು ಹಿಡಿದು ಹಾಡಲು ಬರುತ್ತಾರೆ. ನಿನ್ನೆಯ ಮೂವರಲ್ಲಿ ಅವರೂ ಒಬ್ಬರು.

"ನನಗೆ ಸಾಕಾಯ್ತು ಆಂಟಿ. ಕ್ವಾಯರ್ ಬಿಡ್ತೇನೆ."

"ಅದಕ್ಕೆಂತ ಮಾರಾಯ್ತಿ? ನಾನು ಪ್ರತಿ ಸೋಮವಾರ ಬಿಡ್ತೇನೆ. ಪ್ರಾರ್ಥನೆಗೆ ಕೂತು, ಇನ್ನು ನನ್ನಿಂದ ಆಗುವುದಿಲ್ಲ ಅಂತ ದೇವರಿಗೇ ಹೇಳ್ತೇನೆ. ನಲವತ್ತು ವರ್ಷ ಆಯ್ತು, ಅವನು ಒಪ್ಪಲೇ ಇಲ್ಲ. ಶನಿವಾರ ಬರುವಾಗ ಕಾಲಿಗೆ ಪುನಃ ಶಕ್ತಿ ಕೊಟ್ಟಿರ್ತಾನೆ. ನೀನು ಅವನಿಗೆ ಹೇಳಿದ್ದುಂಟಾ?"

"ಇಲ್ಲ."

"ಮತ್ತೆ ನನಗೆ ಎಂತಕ್ಕೆ ಹೇಳುವುದು? ನಿನ್ನನ್ನು ಕರೆದದ್ದು ನಾನಾ?"

ನನ್ನ ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು. ರಾಜೀನಾಮೆ ಮುಗಿದಿತ್ತು.

ನಾಳೆ ಸೋಮವಾರ, ದೇವರ ಹತ್ತಿರ ಸ್ವಲ್ಪ ಮಾತಾಡಲಿಕ್ಕಿದೆ. ಶನಿವಾರ ಸಂಜೆ ಆರಕ್ಕೆ ಅಭ್ಯಾಸ. ಈ ಪೋಸ್ಟಿಗೆ ಲೈಕ್ ಒತ್ತಿ ಸುಮ್ಮನಾಗುವ ಆ ಹನ್ನೊಂದು ಮಂದಿಗೇ ಹೇಳುತ್ತಿರುವುದು.