ಹೆಸರು ಬದಲಾಗದ ಕಾರು

2022ರಲ್ಲಿ ನಾನು ಗದಗ-ಬೆಟಗೇರಿಯಲ್ಲಿ ಹಳೆಯ ಕಾರುಗಳನ್ನು ಆನ್‌ಲೈನಿನಲ್ಲಿ ಮಾರಿಸುವ ಒಂದು ಸ್ಟಾರ್ಟಪ್ ನಡೆಸುತ್ತಿದ್ದೆ. ವಿಸಿಟಿಂಗ್ ಕಾರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ‘ಸಹ-ಸಂಸ್ಥಾಪಕ’ ಎಂದು ಅಚ್ಚಾಗಿತ್ತು. ಆ ಕಾರ್ಡುಗಳ ಒಂದು ಕಟ್ಟು ಇನ್ನೂ ಮನೆಯಲ್ಲಿದೆ. ಹೆಂಡತಿ ಅವುಗಳ ಹಿಂಬದಿಯಲ್ಲಿ ಕಿರಾಣಿ ಪಟ್ಟಿ ಬರೆಯುತ್ತಾಳೆ. ಅವುಗಳಿಗೆ ಅದಕ್ಕಿಂತ ಹೆಚ್ಚಿನ ಯೋಗ್ಯತೆ ಇತ್ತೆಂದು ಈಗ ನನಗೂ ಅನ್ನಿಸುವುದಿಲ್ಲ.

ಅದಕ್ಕೂ ಮೊದಲು ಹನ್ನೊಂದು ವರ್ಷ ಒಂದು ಕಾರು ಕಂಪನಿಯ ವರ್ಕ್‌ಶಾಪಿನಲ್ಲಿ ಸರ್ವಿಸ್ ವಿಭಾಗ ನೋಡಿಕೊಂಡಿದ್ದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಡುವೆ ಹಳೆಯ ಗಾಡಿ ಹೇಗೆ ಕೈ ಬದಲಾಯಿಸುತ್ತದೆ ಎಂಬುದು ಅಲ್ಲಿಯೇ ತಿಳಿದದ್ದು. ಮಾರುವವರು ಆರ್‌ಟಿಒ ಕಚೇರಿಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೊಡುತ್ತಾರೆ. ಇವು ಗಾಡಿಯ ಮಾಲೀಕರ ಹೆಸರು ಬದಲಿಸುವ ಅರ್ಜಿಗಳು. ಕೊಳ್ಳುವವರ ಹೆಸರಿನ ಜಾಗ ಖಾಲಿ, ತಾರೀಖಿನ ಜಾಗವೂ ಖಾಲಿ. ಆ ಕಾಗದ ಡ್ಯಾಶ್‌ಬೋರ್ಡಿನೊಳಗೆ ಕುಳಿತುಕೊಂಡೇ ಮೂರು ನಾಲ್ಕು ಮನೆ ತಿರುಗುತ್ತದೆ. ಗಾಡಿ ಯಾರ ಅಂಗಳದಲ್ಲೇ ಇರಲಿ, ಸರ್ಕಾರದ ದಾಖಲೆಯಲ್ಲಿ ಮೊದಲನೆಯವರ ಹೆಸರೇ ಉಳಿಯುತ್ತದೆ. ಅಪಘಾತವಾದರೆ ನೋಟಿಸು ಹೋಗುವುದೂ ಅವರ ಬಾಗಿಲಿಗೇ. ಎಲ್ಲರಿಗೂ ಇದು ಗೊತ್ತು. ಆದರೂ ‘ಮಾತಿನ ಮ್ಯಾಲ ನಡೀತೈತಿ ಬಿಡ್ರಿ’ ಎಂದು ನಡೆದೇ ನಡೆಯುತ್ತದೆ.

ಇದನ್ನು ನಿಲ್ಲಿಸುತ್ತೇವೆ ಎಂಬುದೇ ನಮ್ಮ ಸ್ಟಾರ್ಟಪ್ಪಿನ ಬಂಡವಾಳವಾಗಿತ್ತು. ‘ಮೊದಲು ಕಾಗದ, ಆಮೇಲೆ ಕೀಲಿ’ ಎಂದು ಕಚೇರಿಯ ಮುಂದೆ ನಾನೇ ಬೋರ್ಡು ಬರೆಸಿದ್ದೆ. ಪಾಲುದಾರ ಪ್ರಸನ್ನ ಸಾಫ್ಟ್‌ವೇರ್ ಬರೆದವನು, ಹೂಡಿಕೆದಾರರ ಜೊತೆ ಮಾತಾಡುವವನು. ಅವನು ಈ ನಿಯಮವನ್ನು ಕಂಪ್ಯೂಟರಿನೊಳಗೇ ಕೂರಿಸಿದ. ತಪಾಸಣೆ, ಜಾಹೀರಾತು, ಬುಕಿಂಗ್, ಹೆಸರು ವರ್ಗಾವಣೆ, ಹಸ್ತಾಂತರ ಎಂದು ಐದು ಹಂತ. ನಾಲ್ಕನೆಯದು ಮುಗಿಯದೆ ಐದನೆಯ ಬಟನ್ ಒತ್ತಲು ಬರುತ್ತಿರಲಿಲ್ಲ. ಗಾಡಿ ನಿಲ್ಲಿಸಲು ನಮಗೆ ಸ್ವಂತ ಜಾಗವಿರಲಿಲ್ಲವಾದ್ದರಿಂದ ಅಲ್ಲಿಯವರೆಗೆ ಅದು ಮಾರುವವರ ಮನೆಯಲ್ಲೇ ನಿಂತಿರಬೇಕು. ಕೊಳ್ಳುವವರು ಯಾರೆಂದು ಮಾರುವವರಿಗೆ ಹೇಳುತ್ತಿರಲಿಲ್ಲ. ನಮ್ಮನ್ನು ಬಿಟ್ಟು ಅವರವರೇ ಕುದುರಿಸಿಕೊಂಡಾರೆಂಬ ಹೆದರಿಕೆ ನಮಗೆ.

ಆ ವರ್ಷ ಶ್ರಾವಣದಲ್ಲಿ ಶಿರಹಟ್ಟಿಯಿಂದ ಒಂದು ಕಾರು ಮಾರಾಟಕ್ಕೆ ಬಂತು. ಬಿಳಿ ಬಣ್ಣದ ಸಣ್ಣ ಕಾರು, ಓಡಿದ್ದು ಮೂವತ್ತೊಂದು ಸಾವಿರ ಕಿಲೋಮೀಟರ್ ಅಷ್ಟೇ. ಮಾಲೀಕರು ಕಮಲಕ್ಕ, ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಊರವರಿಗೆ ಅವರು ಇಂದಿಗೂ ‘ಸಿಸ್ಟರ್’. ಕಾರು ಅವರ ಹೆಸರಿನಲ್ಲೇ ಇತ್ತು, ಓಡಿಸುತ್ತಿದ್ದವರು ಗಂಡ. ಅವರು ತೀರಿಕೊಂಡ ಮೇಲೆ ಗಾಡಿ ಮನೆಯ ಮುಂದೆ ನಿಂತೇ ಇತ್ತು. ಜೂನ್‌ನಲ್ಲಿ ವಿಮೆ ಮುಗಿದಿತ್ತು. ಹೊಸ ಮಾಲೀಕರ ಹೆಸರಿನಲ್ಲೇ ಹೊಸ ಪಾಲಿಸಿ ಮಾಡಿಸುವುದು ನಮ್ಮ ಕ್ರಮವಾದ್ದರಿಂದ ನವೀಕರಿಸುವುದು ಬೇಡವೆಂದು ಅಕ್ಕನಿಗೆ ಹೇಳಿದವನು ನಾನೇ. ಈ ಮಾತನ್ನು ಈಗ ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ದಸರೆಯ ಮುಂಚಿನ ವಾರ ಮುಂಡರಗಿಯ ಹಾರ್ಡ್‌ವೇರ್ ವ್ಯಾಪಾರಿ ವೀರಣ್ಣನವರು ಆ ಕಾರನ್ನು ಬುಕ್ ಮಾಡಿ, ಪೂರ್ತಿ ಹಣವನ್ನೂ ನಮ್ಮ ಕಂಪನಿಗೆ ಕಟ್ಟಿದರು. ಅರ್ಜಿ ಆರ್‌ಟಿಒದಲ್ಲಿತ್ತು, ಅಷ್ಟರಲ್ಲಿ ಸಾಲು ರಜೆ ಶುರುವಾಯಿತು. ನಮ್ಮ ಕಡೆ ಖಂಡೇ ಪೂಜೆಗೆ, ಅಂದರೆ ಆಯುಧ, ಯಂತ್ರ, ವಾಹನಗಳನ್ನು ಪೂಜಿಸುವ ದಿನಕ್ಕೆ, ಕೊಂಡ ಗಾಡಿ ಬಾಗಿಲ ಮುಂದೆ ಇರಲೇಬೇಕು. ಇಲ್ಲದಿದ್ದರೆ ಕೊಂಡೂ ಕೊಳ್ಳದ ಹಾಗೆ. ವೀರಣ್ಣನವರು ಫೋನಿನಲ್ಲಿ ಒಂದೇ ಮಾತು ಹೇಳಿದರು. “ನಾಳಿ ಪೂಜಿಗೆ ಗಾಡಿ ಬರ್ತೈತೆಂದ್ರ ಬರ್ಲಿ, ಇಲ್ಲಂದ್ರ ರೊಕ್ಕ ವಾಪಸ್ ಹಾಕ್ರಿ. ಲಕ್ಷ್ಮೇಶ್ವರದಾಗ ಇನ್ನೊಂದು ನೋಡಿಟ್ಟೀನಿ.”

ತಿಂಗಳ ಕೊನೆಗೆ ಹೂಡಿಕೆದಾರರು ಬರುವವರಿದ್ದರು. ಅವರ ಮುಂದೆ ಇಡಲು ಮಾರಾಟಗಳು ಬೇಕಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಬೋರ್ಡು ಬರೆಸಿದ ನಾನೇ ಶಿರಹಟ್ಟಿಗೆ ಹೊರಟೆ.

ಕಮಲಕ್ಕ ಕಾರಿಗೆ ಕುಂಕುಮ ಹಚ್ಚಿ, ಒಂದು ಸಲ ಬಾನೆಟ್ ಮುಟ್ಟಿ, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. ಮಗಳು ಹಬ್ಬಕ್ಕೆಂದು ಗಂಡನ ಮನೆಗೆ ಹೋಗಿದ್ದಳು, ಜೊತೆಗೆ ಯಾರೂ ಇರಲಿಲ್ಲ. ಕೀಲಿಯಿಂದ ಕೈ ತೆಗೆಯುವ ಮುನ್ನ ಅವರು ಕೇಳಿಯೇ ಕೇಳಿದರು. “ತಮ್ಮಾ, ಕಾಗದ ಆದವೇನು?”

“ರಜಾ ಮುಗದ ಕೂಡ್ಲೆ ಆಗ್ತಾವ್ರಿ ಅಕ್ಕಾರ. ಅದನ್ನ ನನಗ ಬಿಡ್ರಿ” ಎಂದೆ.

ಬಿಟ್ಟರು. ವಿಮೆಯಿಲ್ಲದ ಗಾಡಿಯನ್ನು ಶಿರಹಟ್ಟಿಯಿಂದ ಮುಂಡರಗಿಯವರೆಗೆ ನಾನೇ ಓಡಿಸಿಕೊಂಡು ಹೋಗಿ ವೀರಣ್ಣನವರಿಗೆ ಒಪ್ಪಿಸಿದೆ. ಕಂಪ್ಯೂಟರಿನಲ್ಲಿ ಐದನೆಯ ಬಟನ್ ಒತ್ತಲು ಬರುತ್ತಿರಲಿಲ್ಲ, ಒತ್ತಲಿಲ್ಲ. ಆ ಬಟನ್ ಒತ್ತಿದರೆ ಮಾತ್ರ ಮಾರಿದವರ ಮೊಬೈಲಿಗೆ ರಶೀದಿ ಹೋಗುತ್ತಿತ್ತು. ಹೀಗಾಗಿ ಅಕ್ಕನ ಕೈಯಲ್ಲಿ ಒಂದು ಚೀಟಿಯೂ ಉಳಿಯಲಿಲ್ಲ.

ಮರುದಿನ ಪೂಜೆಯಾಯಿತು. ಮಧ್ಯಾಹ್ನ ವೀರಣ್ಣನವರ ಅಣ್ಣನ ಮಗ ಗಾಡಿ ತೆಗೆದುಕೊಂಡು ಗದಗಿನ ಕಡೆ ಒಂದು ಸುತ್ತು ಹೊರಟ. ಗದಗಿನ ಹೊರಗಿನ ತಿರುವಿನಲ್ಲಿ, ಚೆಂಡುಹೂವು ಮಾರಿ ಖಾಲಿ ಬುಟ್ಟಿಗಳೊಂದಿಗೆ ಮೊಪೆಡ್ಡಿನಲ್ಲಿ ಮರಳುತ್ತಿದ್ದ ಕಳಸಾಪುರದ ಮಾಬುಸಾಬರಿಗೆ ಗುದ್ದಿದ. ಬಲಗಾಲು ಎರಡು ಕಡೆ ಮುರಿಯಿತು. ಹುಡುಗ ಗಾಡಿಯನ್ನು ಅಲ್ಲೇ ಬಿಟ್ಟು ಓಡಿದ. ಬಾಳೆಕಂದು ಕಟ್ಟಿದ ಹಾಗೇ ಗಾಡಿ ಪೊಲೀಸ್ ಠಾಣೆಯ ಅಂಗಳ ಸೇರಿತು.

ಸಂಜೆ ಮೊದಲು ಫೋನ್ ಮಾಡಿದವರು ವೀರಣ್ಣನವರು. ನಡೆದದ್ದನ್ನೆಲ್ಲ ಹೇಳಿ, ಗಾಬರಿಯೇ ಇಲ್ಲದ ದನಿಯಲ್ಲಿ ಮುಗಿಸಿದರು. “ಗಾಡಿ ಇನ್ನೂ ನನ್ನ ಹೆಸರಿಗೆ ಆಗಿಲ್ಲಲ್ರಿ. ಆಗಿಲ್ಲಂದ್ರ ಅದು ನಂದಲ್ಲ. ನೀವೂ ಸುಮ್ನಿರ್ರಿ, ನಾನೂ ಸುಮ್ನಿರ್ತೀನಿ.”

ಪೊಲೀಸರು ನಂಬರ್ ಹಾಕಿ ನೋಡಿದರೆ ಬಂದದ್ದು ಕಮಲಕ್ಕನ ಹೆಸರು. ಅದೇ ಸಂಜೆ ಶಿರಹಟ್ಟಿಗೆ ಫೋನ್ ಹೋಯಿತು.

ಮರುದಿನ ಬನ್ನಿ ಹಬ್ಬ. ಪೆಟ್ಟು ಬಿದ್ದವರ ಸ್ಥಿತಿ ನೋಡಿಬರೋಣವೆಂದು ಗದಗಿನ ಆಸ್ಪತ್ರೆಗೆ ಹೋದೆ. ನೋಡಲು ಎಂದರೆ ನೋಡಲು ಅಷ್ಟೇ, ಹೇಳಿಕೊಳ್ಳಲು ಅಲ್ಲ. ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟೆ. ಕಮಲಕ್ಕ ಮೊದಲ ಬಸ್ಸಿಗೇ ಬಂದು, ಸೆರಗು ಸಿಗಿಸಿಕೊಂಡು, ಮಾಬುಸಾಬರ ಬೆನ್ನು ಒರೆಸುತ್ತಿದ್ದರು. ಪಕ್ಕದಲ್ಲಿ ಅವರೇ ತಂದ ರೊಟ್ಟಿ, ಪಲ್ಯದ ಡಬ್ಬಿ. ಮಾಬುಸಾಬರ ಹೆಂಡತಿ ಇವರು ಯಾರೆಂದು ತಿಳಿಯದೆ ಪಿಳಿಪಿಳಿ ನೋಡುತ್ತಿದ್ದಳು.

“ನೀವ್ಯಾಕ ಬಂದ್ರಿ ಅಕ್ಕಾರ?” ಎಂದು ಕೇಳಿದೆ. ಕೇಳಲು ನನಗೆ ನಾಚಿಕೆಯೂ ಆಗಲಿಲ್ಲ.

“ಗಾಡಿ ನನ್ನ ಹೆಸರೀಲೇ ಐತಂತಲ್ಲಪಾ. ಮನ್ಯಾಗ ಹೆಂಗ ಕುಂಡ್ರಲಿ?” ಎಂದರು. ಆಮೇಲೆ ಚೀಲದಿಂದ ಎರಡು ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟರು. “ತಗೋ, ಬಂಗಾರದಂಗ ಇರು.”

ಹಿರಿಯರು ಬನ್ನಿ ಕೊಟ್ಟರೆ ಕಾಲಿಗೆ ನಮಸ್ಕರಿಸುವುದು ಪದ್ಧತಿ. ನಮಸ್ಕರಿಸಿದೆ. ಆ ಬಗ್ಗಿದ ಹೊತ್ತಿನಲ್ಲೇ ಎಲ್ಲ ಹೇಳಿಬಿಡಬಹುದಿತ್ತು. ಎದ್ದು ಬಂದೆ.

ನಾಲ್ಕನೆಯ ದಿನ ಪಿಎಸ್‌ಐ ಅವರು ಅಕ್ಕನನ್ನು ಠಾಣೆಗೆ ಕರೆಸಿ, ಗಾಡಿ ಯಾರು ಓಡಿಸುತ್ತಿದ್ದರೆಂದು ಬರೆದುಕೊಡಲು ನೋಟಿಸು ಕೊಟ್ಟರು. ವಾಹನದ ಮಾಲೀಕರು ಇದಕ್ಕೆ ಉತ್ತರ ಕೊಡಲೇಬೇಕು. ಅಪಘಾತದ ಹಿಂದಿನ ದಿನವೇ ಕೀಲಿಯನ್ನು ಕಂಪನಿಯವನ ಕೈಗೆ ಕೊಟ್ಟೆ ಎಂದರು ಅಕ್ಕ. ರಶೀದಿ ಕೇಳಿದರೆ ಇಲ್ಲ. ಕೊಂಡವರ ಹೆಸರು ಕೇಳಿದರೆ ಗೊತ್ತಿಲ್ಲ. ಪಿಎಸ್‌ಐ ನಮ್ಮ ಕಂಪನಿಯ ದಾಖಲೆ ತರಿಸಿಕೊಂಡರು. ಪ್ರಸನ್ನ ಅದನ್ನು ಮೇಲ್ ಮಾಡಿದ. ‘ಹೆಸರು ವರ್ಗಾವಣೆ: ಬಾಕಿ. ಹಸ್ತಾಂತರ: ಆಗಿಲ್ಲ. ವಾಹನ ಮಾರಾಟಗಾರರ ವಶದಲ್ಲಿದೆ.’

ಜಗಳ ಮಾಡಬೇಕೆಂದೇ ಅವನ ಮೇಜಿನ ಹತ್ತಿರ ಹೋದೆ. ಪ್ರಸನ್ನ ತಲೆ ಎತ್ತಲೂ ಇಲ್ಲ. “ನಾ ಏನ್ ಸುಳ್ಳು ಬರೆದೀನೇನು? ಸಿಸ್ಟಮ್‌ದಾಗ ಇದ್ದದ್ದ ಕಳಿಸೀನಿ. ನಿಯಮ ಮುರಿದಾಂವ ನೀನು. ಈಗ ಬಾಯಿ ಬಿಟ್ರ ಇಪ್ಪತ್ತು ಮಂದಿ ಕೆಲಸ ಹೋಗ್ತೈತಿ, ನೋಡ್ಕೋ.” ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ. ಕೋಲು ನಮ್ಮದಾಗಿತ್ತು, ಪೆಟ್ಟು ಮಾತ್ರ ಅಕ್ಕನಿಗೆ.

ಅದೇ ದಿನ ಪಿಎಸ್‌ಐ ನನಗೂ ಫೋನ್ ಮಾಡಿದರು. “ಸಿಸ್ಟರ್ ನಿಮ್ಮ ಹೆಸರು ಹೇಳ್ತಾರ. ಏನಂತೀರಿ?” ನಾನು ಕೊಟ್ಟ ಉತ್ತರ ಇದು: “ರೆಕಾರ್ಡ್‌ದಾಗ ಏನೈತೋ ಅದ ಖರೆ ರೀ.”

ಆ ಇಪ್ಪತ್ತು ಜನರ ನೆಪ ನನಗೆ ಬಹಳ ಅನುಕೂಲವಾಗಿತ್ತು. ನಿಜ ಹೇಳಬೇಕೆಂದರೆ ನಾನು ಹೆದರಿದ್ದು ನನಗಾಗಿ. ಊರಿನಲ್ಲಿ ನಾಲ್ಕು ಜನ ‘ಸಾಹೇಬ್ರ’ ಎನ್ನಲು ಶುರುಮಾಡಿ ಎರಡು ವರ್ಷವಾಗಿತ್ತು, ಅದನ್ನು ಬಿಡಲು ಮನಸ್ಸಿರಲಿಲ್ಲ.

ಅಕ್ಕ ಮಾತ್ರ ದಿನವೂ ಶಿರಹಟ್ಟಿಯಿಂದ ಬಂದು ಹೋಗುತ್ತಿದ್ದರು. ಹತ್ತನೆಯ ದಿನ ಮತ್ತೆ ಆಸ್ಪತ್ರೆಗೆ ಹೋದೆ. ಮಾಬುಸಾಬರ ಕಾಲಿಗೆ ಆಪರೇಷನ್ ಆಗಿತ್ತು. ಅಕ್ಕ ನನ್ನನ್ನು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬಹುಶಃ ನಾನೂ ಏನಾದರೊಂದು ಸಬೂಬು ಹೇಳುತ್ತಿದ್ದೆ. ಅವರು ದನಿ ತಗ್ಗಿಸಿ, ಯಾರಿಗೂ ಕೇಳಬಾರದೆಂಬಂತೆ ಕೇಳಿದರು.

“ತಮ್ಮಾ, ಸಿಟ್ಟಾಗಬ್ಯಾಡ. ಕೀಲಿ ನಿನ್ನ ಕೈಯಾಗ ಕೊಟ್ಟಿದ್ದು ಖರೇನೋ ಇಲ್ಲೋ? ಕಂಪ್ಯೂಟರ್‌ದಾಗ ಕೊಟ್ಟಿಲ್ಲಂತ ಐತಂತ. ನನಗರ ವಯಸ್ಸಾತು. ಮರತೇನೇನು ನಾನು?”

ಮೂವತ್ತಾರು ವರ್ಷ ಯಾವ ರೋಗಿಗೆ ಯಾವ ಹೊತ್ತಿಗೆ ಯಾವ ಇಂಜೆಕ್ಷನ್ ಎಂಬುದನ್ನು ತಪ್ಪದೆ ನೆನಪಿಟ್ಟವರು ಅವರು. ನಮ್ಮ ಒಂದು ಪುಟದ ದಾಖಲೆ ಅವರಿಗೆ ಅವರ ತಲೆಯ ಮೇಲೇ ಅನುಮಾನ ಹುಟ್ಟಿಸಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. “ಕೊಟ್ಟೀರಿ ಅಕ್ಕಾರ. ನೀವು ಮರತಿಲ್ಲ. ನಾ ಹೇಳಿಲ್ಲ” ಎಂದವನೇ ಠಾಣೆಗೆ ನಡೆದೆ. ಶಿರಹಟ್ಟಿಯಿಂದ ಮುಂಡರಗಿಯವರೆಗೆ ನಾನೇ ಓಡಿಸಿದ್ದು, ವೀರಣ್ಣನವರ ಹೆಸರು, ಅವರ ಫೋನು, ನಾನು ಪಿಎಸ್‌ಐಗೆ ಕೊಟ್ಟ ಉತ್ತರ, ಎಲ್ಲವನ್ನೂ ಮೂರು ಪುಟ ಬರೆದು ಸಹಿ ಹಾಕಿದೆ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಓಡಿಹೋದ ಹುಡುಗ ಸಿಕ್ಕ. ಹೂಡಿಕೆದಾರರು ಬರಲಿಲ್ಲ. ಪ್ರಸನ್ನ ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟ. ಮುಂದಿನ ಯುಗಾದಿಯ ಹೊತ್ತಿಗೆ ಕಂಪನಿ ಮುಚ್ಚಿತು. ನಾನು ಈಗ ಬೆಟಗೇರಿಯ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ. ಸತ್ಯ ಹೇಳಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ. ಅಪಘಾತದ ದಿನ ಆರ್‌ಸಿ ಪುಸ್ತಕದಲ್ಲಿ ಯಾರ ಹೆಸರಿತ್ತೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ವಿಮೆಯೂ ಇರಲಿಲ್ಲ. ಪರಿಹಾರದ ಮೊಕದ್ದಮೆಯಲ್ಲಿ ಕಮಲಕ್ಕನ ಹೆಸರನ್ನು ನನ್ನ ಮೂರು ಪುಟಗಳಿಂದ ಅಳಿಸಲಾಗಲಿಲ್ಲ. ನನ್ನ ಹೆಸರು ಅದರ ಕೆಳಗೆ ಸೇರಿತು, ಅಷ್ಟೇ.

ಈ ವೃತ್ತಿ ನನಗೆ ಕಲಿಸಿದ್ದು ಒಂದೇ ಪಾಠ, ಗ್ಯಾರೇಜಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತೇನೆ. ಹಬ್ಬ ಇರಲಿ, ಮುಹೂರ್ತ ಇರಲಿ, ಎದುರಿಗಿರುವವನು ನಿಮ್ಮ ಸ್ವಂತ ತಮ್ಮನೇ ಇರಲಿ, ಹೆಸರು ಬದಲಾಗುವ ತನಕ ಕೀಲಿ ಕೊಡಬೇಡಿ. ನನ್ನಂಥವನು ನಗುನಗುತ್ತ ‘ನನಗ ಬಿಡ್ರಿ’ ಅಂದರಂತೂ ಖಂಡಿತ ಕೊಡಬೇಡಿ.

ಮೊಕದ್ದಮೆ ಇನ್ನೂ ನಡೆದಿದೆ. ತಾರೀಖು ಬಂದಾಗ ಕೋರ್ಟಿನ ಪಡಸಾಲೆಯಲ್ಲಿ ವಾದಿ ಮಾಬುಸಾಬರು, ಪ್ರತಿವಾದಿ ಕಮಲಕ್ಕ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಅಕ್ಕ ಅವರ ಕಾಲು ಮುಟ್ಟಿ ನೋಡಿ ಬಾವು ಇಳಿದಿದೆಯೇ ಎಂದು ವಿಚಾರಿಸುತ್ತಾರೆ. ಕಳೆದ ಸಲ ಅವರ ಪಕ್ಕದಲ್ಲಿ ಜಾಗವಿತ್ತು, ಕುಳಿತೆ. ಅಕ್ಕನೇ ಮಾತಾಡಿದರು.

“ಕಡೀಕರ ಬಂದು ಹೇಳಿದೆಲ್ಲ, ಚಲೋ ಆತು. ಆದ್ರ ಕೀಲಿ ಕೊಟ್ಟಿಲ್ಲಂತ ಕಂಪ್ಯೂಟರ್‌ದಾಗ ಐತಿ ಅಂದ ಮ್ಯಾಲ, ಆ ಆರು ದಿನ, ದಿನಾ ದವಾಖಾನಿಂದ ಮನಿಗೆ ಹೋಗಿ ಕೀಲಿ ಹುಡುಕೀನಿ ತಮ್ಮಾ. ಟ್ರಂಕು, ಗಾದಿ ಬುಡಕ, ದೇವರ ಜಗಲಿ, ಒಂದು ಕಡಿ ಬಿಟ್ಟಿಲ್ಲ.”

ಒಳಗಿನಿಂದ ಕೂಗಿದರು. ಕೂಗಿದ್ದು ಅವರ ಹೆಸರನ್ನು. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದರು.