ಕುಸುಬಿ ಎಣ್ಣೆ ಕುಡಿದ ಎಂಜಿನ್ನು

ಮುನಾಫಣ್ಣ ಕೂತಿದ್ದನ್ನು ಕಂಡವರು ಇಬ್ರಾಹಿಂಪುರದಲ್ಲಿ ಸಿಗುವುದು ಕಷ್ಟ. ಚಹಾ ಕುಡಿಯುವಾಗಲೂ ನಿಂತೇ ಇರುತ್ತಾನೆ. ಅದೂ ಅರ್ಧ ಕುಡಿದು, ಕಪ್ಪನ್ನು ಯಾರದೋ ಕೈಗೆ ತುರುಕಿ ಹೊರಟುಬಿಡುತ್ತಾನೆ. ಸೊಲ್ಲಾಪುರ ರಸ್ತೆಯಲ್ಲಿ ಅವನದು ಮೋಟಾರು ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ಮೋಟಾರುಗಳು ಸುಟ್ಟರೆ ಅವನ ಬಾಗಿಲಿಗೇ ಬರುತ್ತವೆ. ತಾಮ್ರದ ತಂತಿ ಸುತ್ತುವಾಗ ಮಾತ್ರ ಅವನ ಕೈ ಒಂದು ಕಡೆ ನಿಲ್ಲುತ್ತದೆ, ಕಾಲು ಆಗಲೂ ಕುಣಿಯುತ್ತಿರುತ್ತದೆ.

"ಮದಿವ್ಯಾದಾಗಿಂದ ನೋಡಾಕತ್ತೇನ್ರಿ, ಒಂದಿನಾನೂ ಸಮಾಧಾನಲೇ ಕುಂತು ಉಂಡಿಲ್ಲ" ಎಂದು ಅವನ ಹೆಂಡತಿ ಸುರೈಯಾ ನನ್ನ ಮುಂದೆ ಗೊಣಗುತ್ತಿದ್ದಳು.

ಇಂಥವನು, ವರ್ಷಾನುಗಟ್ಟಲೆ ಅಲುಗದೆ ನಿಂತಿದ್ದ ಉಗಿ ಎಂಜಿನ್ನಿನ ಬೆನ್ನು ಹತ್ತಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಅದು ಮೀಟರ್ ಗೇಜ್ ಕಾಲದ್ದು. ದೊಡ್ಡ ಹಳಿ ಬಂದ ಮೇಲೆ ಕೆಲಸವಿಲ್ಲದೆ ಹಳೆ ಯಾರ್ಡಿನ ಮೂಲೆಯಲ್ಲಿ ಉಳಿದುಬಿಟ್ಟಿತ್ತು. ಸುತ್ತ ಜಾಲಿ, ಹೊಗೆಕೊಳವೆಯಲ್ಲಿ ಗುಬ್ಬಿಗೂಡು. ಕಳೆದ ವರ್ಷ ರೈಲ್ವೆಯವರಿಗೆ ಆ ಜಾಗ ಬೇಕಾಯಿತು. ಎಂಜಿನ್ನು ಒಡೆಯಬೇಡಿ ಎಂದು ನಾವು ಕೆಲವರು ಹೋಗಿ ಗೋಗರೆದೆವು. ಅಧಿಕಾರಿಗಳು ಒಂದು ಷರತ್ತು ಹಾಕಿದರು. ಮಳೆಗಾಲದ ಮೊದಲು ಎಂಜಿನ್ನು ತನ್ನ ಗಾಲಿಗಳ ಮೇಲೆ ಉರುಳಿಕೊಂಡು ಹಳೆಯ ಗೂಡ್ಸ್ ಶೆಡ್ಡಿಗೆ ಹೋದರೆ ಅದು ಇಲ್ಲೇ ಇರಲಿ, ಹೋಗದಿದ್ದರೆ ಕತ್ತರಿಸಿ ಗುಜರಿಗೆ. ಕ್ರೇನ್ ತರಿಸುವ ತಾಕತ್ತು ನಮಗಿರಲಿಲ್ಲ, ಮನಸ್ಸು ಅವರಿಗಿರಲಿಲ್ಲ.

ನಾನು ಗಾಂಧಿ ಚೌಕದ ಹತ್ತಿರದ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಬ್ಯಾಂಕಿನವಳು ಎಂದ ತಕ್ಷಣ ಖಜಾಂಚಿ ಕೆಲಸ ನನ್ನ ಕೊರಳಿಗೆ ಬಿತ್ತು. ಭಾನುವಾರ ಬಂದರೆ ಸಾಕು, ಮುನಾಫಣ್ಣ ಬೆಳಿಗ್ಗೆಯೇ ನಮ್ಮ ಗೇಟಿನ ಮುಂದೆ ಗಾಡಿಯ ಹಾರ್ನ್ ಬಾರಿಸುತ್ತಿದ್ದ. ತಿಕೋಟಾ, ಬಬಲೇಶ್ವರ ಅಂತ ಪಟ್ಟಿ ಎತ್ತಲು, ಅಂದರೆ ಚಂದಾ ಕೂಡಿಸಲು, ತಿರುಗಾಟ. ನಮ್ಮ ಕಡೆ ಪಟ್ಟಿ ಎಂದರೆ ಜನರಿಗೆ ಗೊತ್ತಿರುವುದು ಗಣಪತಿಯದು, ಮೊಹರಂನದು.

"ಯಾವ ದೇವರ ಪಟ್ಟಿರಿ?" ಎಂದು ಕೇಳುತ್ತಿದ್ದರು.

"ಕರೇ ದೇವರದು. ಹೊಗಿ ಉಗುಳ್ತಿತ್ತಲ್ಲ, ಅದರದು" ಎನ್ನುತ್ತಿದ್ದ ಇವನು.

ಜನ ನಕ್ಕು ಕೊಡುತ್ತಿದ್ದರು. ಕೈಯಲ್ಲಿ ರೊಕ್ಕವಿಲ್ಲದವರು ಮನೆಯಲ್ಲಿದ್ದುದನ್ನು ಕೊಟ್ಟರು. ತಿಕೋಟಾದ ದ್ರಾಕ್ಷಿ ಬೆಳೆಗಾರ ಯಲ್ಲಾಲಿಂಗ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನೇ ಕೊಟ್ಟು, ಎಳೆಯುವ ದಿನ ತನ್ನ ಟ್ರ್ಯಾಕ್ಟರ್ ತರುತ್ತೇನೆಂದೂ ಮಾತು ಕೊಟ್ಟ. ಆ ದ್ರಾಕ್ಷಿಯನ್ನು ನಾನೇ ಚೌಕದಲ್ಲಿ ಮಾರಿ ಬಂದೆ.

ಬಬಲೇಶ್ವರದಲ್ಲಿ ಬೋರವ್ವನ ಮನೆ. ವಯಸ್ಸಾದರೂ ಗಾಣದ ಉಸಾಬರಿ ಬಿಟ್ಟಿಲ್ಲದ ಮುದುಕಿ. ಆಗತಾನೆ ಹೊಸ ಕುಸುಬಿ ಬಂದಿತ್ತು. ದೊಡ್ಡದೊಂದು ಡಬ್ಬಿ ಎಣ್ಣೆಯನ್ನು ತಂದು ಮುನಾಫಣ್ಣನ ಮುಂದಿಟ್ಟಳು.

"ನನ್ನ ಎಣ್ಣಿ ಡಬ್ಬಿ ಸೊಲ್ಲಾಪುರತನಕ ಹೊತ್ತು ಹೊತ್ತು ಸವದಾವ ಯಪ್ಪಾ ಅದರ ಗಾಲಿ. ಅದರ ಋಣಾ ನನ್ನ ಮ್ಯಾಲ ಐತಿ. ಒಂದ ಹನಿನೂ ಮಾರಬ್ಯಾಡ್ರಿ. ಅದಕ್ಕ ಹಾಕ್ರಿ."

"ಹನಿ ಹನಿ ಅದಕ್ಕ ಹಾಕ್ತೀನಬೇ ಆಯಿ" ಎಂದು ಇವನು ಕೊರಳು ಮುಟ್ಟಿಕೊಂಡು ಆಣೆ ಮಾಡಿದ.

ದಾರಿಯಲ್ಲಿ ನಾನು ಬುದ್ಧಿ ಹೇಳಿದೆ. ಇದನ್ನು ಮಾರಿ ಮಶೀನಿನ ಎಣ್ಣೆ ತರೋಣ, ಮುದುಕಿಗೇನು ಗೊತ್ತಾಗುತ್ತದೆ ಎಂದೆ. ಅವನು ಗಾಡಿ ನಿಲ್ಲಿಸಿಯೇಬಿಟ್ಟ.

"ದೇವರ ದೀಪಕ್ಕಂತ ಕೊಟ್ಟ ಎಣ್ಣಿ ಒಯ್ದು ನಿಮ್ಮ ಮನಿ ಒಗ್ಗರಣಿಗೆ ಹಾಕ್ತೀರೇನ್ರಿ ಮೇಡಂ? ನಮ್ಮ ಅಜ್ಜ ಬಂಡಿ ಅಚ್ಚಿಗೆ ಇದನ್ನ ಹಾಕ್ತಿದ್ದ. ಬಂಡಿ ಓಡಿಲ್ಲೇನು?"

ನನಗೂ ಸಿಟ್ಟು ಬಂತು. ಬಂಡಿ ದಿನಾ ತಿರುಗುತ್ತದೆ, ನಮ್ಮ ಎಂಜಿನ್ನು ನಿಂತಲ್ಲೇ ನಿಂತಿದೆ ಎನ್ನುವುದು ಆಗ ಇಬ್ಬರ ತಲೆಗೂ ಹೋಗಲಿಲ್ಲ.

ಗಾಲಿಯ ಅಚ್ಚು ಕೂರುವ ಕಡೆ ಎಣ್ಣೆ ತುಂಬಲು ಮುಚ್ಚಳವಿರುವ ಕಬ್ಬಿಣದ ಡಬ್ಬಗಳಿರುತ್ತವೆ. ಮುನಾಫಣ್ಣ ಒಳಗಿನ ಹಳೆಯದನ್ನೆಲ್ಲ ಕೆರೆದು ತೆಗೆದು ಕುಸುಬಿ ಎಣ್ಣೆ ಹೊಯ್ದ. ಅಷ್ಟಕ್ಕೇ ಬಿಟ್ಟನೇ? ದಿನಾ ಸಂಜೆ ಅಂಗಡಿ ಮುಚ್ಚಿ ಬಂದು, ಮುಚ್ಚಳ ತೆಗೆದು ನೋಡಿ, ಇನ್ನಷ್ಟು ಹೊಯ್ಯುವುದು. ಏಪ್ರಿಲ್ ಬಿಸಿಲು ಕಬ್ಬಿಣ ಕಾಯಿಸುತ್ತಿತ್ತು, ಇವನ ಕೈ ತುರಿಸುತ್ತಿತ್ತು. "ಅದಕ್ಕ ಅಜೀರ್ಣ ಆದೀತು ಮುನಾಫಣ್ಣ" ಎಂದು ನಾನು ಚೇಷ್ಟೆ ಮಾಡಿದರೆ, "ಭಾಳ ದಿನದ ಹಸಿವಿರಿ ಅದರದು" ಎನ್ನುತ್ತಿದ್ದ.

ಅಧಿಕಾರಿಗಳ ಮುಂದೆ ಎಳೆದು ತೋರಿಸುವ ಪರೀಕ್ಷೆಗೆ ವಾರ ಉಳಿದಿತ್ತು. ಪಟ್ಟಿಯ ರೊಕ್ಕದಲ್ಲಿ ಶೆಡ್ಡಿನವರೆಗೆ ಹಳಿ ಹಾಸಿ ಮುಗಿದಿತ್ತು. ಒಮ್ಮೆ ಎಳೆದು ನೋಡೋಣವೆಂದು ಯಲ್ಲಾಲಿಂಗ ಟ್ರ್ಯಾಕ್ಟರ್ ತಂದ. ಸರಪಳಿ ಬಿಗಿದು ಎಳೆದರೆ ಎಂಜಿನ್ನು ಮಿಸುಕಲಿಲ್ಲ. ಮತ್ತೆ ಎಳೆದ. ಟ್ರ್ಯಾಕ್ಟರಿನ ಮುಂದಿನ ಗಾಲಿಗಳೇ ಮೇಲೆದ್ದವು. ಯಲ್ಲಾಲಿಂಗ ಹೆದರಿ ಇಳಿದುಬಿಟ್ಟ.

"ಹಿಡದಾವು ಗಾಲಿ. ಇನ್ನ ಬಿಡಂಗಿಲ್ಲ ಬಿಡ್ರಿ. ಗುಜರಿಯವ್ರಿಗೆ ಹೇಳಿ ಕಳಿಸೂದ ಛಲೋ" ಎಂದ.

ಮುನಾಫಣ್ಣ ಎಂಜಿನ್ನಿನ ಸುತ್ತ ಸುತ್ತತೊಡಗಿದ. ಈ ಗಾಲಿ ಬಡಿದ, ಆ ಗಾಲಿ ಒದ್ದ. ಕೊನೆಗೆ ಓಡಿಹೋಗಿ ಎಣ್ಣೆ ಡಬ್ಬಿಯನ್ನೇ ಎತ್ತಿಕೊಂಡು ಬಂದ, ಇನ್ನಷ್ಟು ಹಾಕಲು! ಮುಚ್ಚಳ ತೆಗೆದಾಗ ನಾನೂ ಬಗ್ಗಿ ಬೆರಳಿಟ್ಟೆ. ಬೆರಳು ಅಂಟಿಕೊಂಡಿತು. ಕಂದು ಬಣ್ಣದ ಗಟ್ಟಿ ಪದರ, ಎಳೆದರೆ ಚರ್ಮದಂತೆ ಏಳುವಂಥದ್ದು. ಇದನ್ನು ನಾನು ಬಲ್ಲೆ. ನಮ್ಮ ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಅಂಟುವ ಜಿಡ್ಡು, ದೀಪಾವಳಿಗೊಮ್ಮೆ ನಾನೇ ಶಾಪ ಹಾಕುತ್ತ ಉಜ್ಜುವ ಜಿಡ್ಡು.

"ಮುನಾಫಣ್ಣ, ಡಬ್ಬಿ ಕೆಳಗಿಡು. ಕುಸುಬಿ ಎಣ್ಣೀನ ಒಣಗಿ ಗಾಲಿ ಹಿಡದೈತಿ" ಎಂದೆ.

ಅವನು ಡಬ್ಬಿ ಕೆಳಗಿಟ್ಟ. ಅವನ ಕಾಲು ಕುಣಿಯುವುದು ನಿಂತಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಹಾಗೆ ಅಲುಗದೆ ನಿಂತಿದ್ದನ್ನು ನೋಡಿ ನನಗೆ ಭಯವೇ ಆಯಿತು.

"ನನ್ನ ಅಂಗಡಿಗೆ ಬಂದ ಒಂದ ಮೋಟಾರೂ ತಿರುಗಲಾರದ ವಾಪಸ್ ಹೋಗಿಲ್ರಿ ಮೇಡಂ. ಇದನ್ನ ನಾನ ಕೈಯಾರೆ ಹಿಡಿಸಿಬಿಟ್ನಲ್ಲ" ಎಂದ. ಡಬ್ಬಿಯ ಕಡೆ ನೋಡಿ ಕೇಳಿದ, "ಎಣ್ಣಿ ತಗದು ಚೆಲ್ಲಬೇಕಂದ್ರ ಆಯಿಗೆ ಏನಂತ ಹೇಳ್ಲಿ?"

"ಹೇಳಬ್ಯಾಡ" ಎಂದೆ. ಅವನು ನನ್ನನ್ನು ಎಂಥ ಹೆಂಗಸಿವಳು ಎನ್ನುವಂತೆ ನೋಡಿದ.

ಗೋಡೆಯ ಜಿಡ್ಡಿಗೆ ನಾನು ಮಾಡುವುದನ್ನೇ ಎಂಜಿನ್ನಿಗೂ ಮಾಡಿದೆವು. ಸುರೈಯಾ ಮೂರು ಕಲ್ಲಿನ ಒಲೆ ಹೂಡಿ ನೀರು ಕುದಿಸಿದಳು. ಅದಕ್ಕೆ ಬಟ್ಟೆ ಒಗೆಯುವ ಸೋಡಾ ಸುರಿದು, ಬಿಸಿಬಿಸಿಯಾಗಿಯೇ ಡಬ್ಬಗಳಿಗೆ ಹೊಯ್ದು, ಕೆರೆದು, ಒರೆಸಿ, ಮತ್ತೆ ಹೊಯ್ದೆವು. ಬ್ಯಾಂಕಿಗೆ ರಜೆ ಹಾಕಿದೆ. ಕೈ ಸುಲಿದುಹೋಯಿತು. ಒಂದೊಂದೇ ಡಬ್ಬ ಚೊಕ್ಕಟವಾದಂತೆ ಮಶೀನಿನ ಎಣ್ಣೆ ತುಂಬಿದೆವು. ಡಬ್ಬಿಯಲ್ಲಿ ಉಳಿದ ಕುಸುಬಿ ಎಣ್ಣೆಯನ್ನು ಮಾತ್ರ ಮುನಾಫಣ್ಣ ಯಾರಿಗೂ ಮುಟ್ಟಗೊಡಲಿಲ್ಲ. ಚಿಂದಿ ಅದ್ದಿಕೊಂಡು, ತುಕ್ಕು ಕೆರೆದ ಕಬ್ಬಿಣದ ಮೈಗೆಲ್ಲ ತೆಳ್ಳಗೆ ತಿಕ್ಕಿದ. ಬಿಸಿಲಿಗೆ ಅದು ಒಣಗಿ, ಬಣ್ಣ ಬಳಿದಷ್ಟು ಗಟ್ಟಿಯಾಗಿ ಹೊಳೆಯಿತು.

ಪರೀಕ್ಷೆಯ ದಿನ ಬೋರವ್ವ ಬಬಲೇಶ್ವರದಿಂದ ಬಸ್ಸು ಹಿಡಿದು ಬಂದಿದ್ದಳು. ಅವಳನ್ನು ಕಂಡದ್ದೇ ಮುನಾಫಣ್ಣ ಎಂಜಿನ್ನಿನ ಆಚೆ ಬದಿಗೆ ಹೋದ. ಅವಳು ಈಚೆ ಬಂದರೆ ಇವನು ಆಚೆ, ಅವಳು ಆಚೆ ಹೋದರೆ ಇವನು ಈಚೆ. ಅಷ್ಟರಲ್ಲಿ ಅಧಿಕಾರಿಗಳು ಕೈ ತೋರಿಸಿದರು. ಯಲ್ಲಾಲಿಂಗ ಎಳೆದ. ಸರಪಳಿ ಬಿಗಿಯಿತು, ಎಲ್ಲೋ ಒಳಗಿನಿಂದ ಒಂದು ನರಳುವ ಸದ್ದು ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಜನ ಕೂಗಿದಾಗ ತೆರೆದರೆ ಗಾಲಿಗಳು ತಿರುಗುತ್ತಿದ್ದವು. ನಿಧಾನಕ್ಕೆ, ಆದರೆ ತಿರುಗುತ್ತಿದ್ದವು. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಶೆಡ್ಡಿನೊಳಗೆ ಅದು ನಿಂತ ಮೇಲೆ ಅಧಿಕಾರಿಗಳು, "ಆಯಿತು, ಇಲ್ಲೇ ಇರಲಿ" ಎಂದು ಹೇಳಿ ಜೀಪು ಹತ್ತಿದರು.

ಬೋರವ್ವ ಎಂಜಿನ್ನಿನ ಹತ್ತಿರ ಹೋಗಿ ಅಂಗೈಯಿಂದ ಅದರ ಮೈ ಸವರಿದಳು. ಅಂಗೈ ತಿರುಗಿಸಿ ನೋಡಿಕೊಂಡಳು. ಮತ್ತೆ ಸವರಿದಳು.

"ಏ ಯಪ್ಪಾ, ಕೈಗೆ ಎಣ್ಣೀನ ಹತ್ತವಲ್ದು. ನನ್ನ ಎಣ್ಣಿ ಎಲ್ಲಿ ಹಾಕೀದಿ?"

ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ನಾನು ಹಿಂದಿನಿಂದ ಸನ್ನೆ ಮಾಡಿದೆ, ಸುಮ್ಮನಿರು ಎಂದು. ಅವನು ನನ್ನ ಕಡೆ ತಿರುಗಲಿಲ್ಲ.

"ಗಾಲಿಗೆ ಹಾಕಿದ್ದೆನಬೇ ಆಯಿ. ಒಣಗಿ ಗಾಲಿ ಹಿಡದುಬಿಟ್ವು. ಅದನ್ನ ತೊಳದು ಚೆಲ್ಲೀನಿ. ಉಳದದ್ದು ಮೈಗೆ ಹಚ್ಚೀನಿ, ತುಕ್ಕು ಹಿಡಿಬಾರ್ದಂತ. ಅದೂ ಒಣಗೈತಿ. ಹನಿ ಹನಿ ಅಂತ ಆಣಿ ಮಾಡಿದ್ದೆ, ಉಳಿಸ್ಕೊಳ್ಳಿಲ್ಲ."

ಮುದುಕಿ ಹೊಳೆಯುವ ಆ ಕರಿ ಮೈಯನ್ನೇ ನೋಡುತ್ತಿದ್ದಳು. ಉಗುರಿನಿಂದ ಕೆರೆದು ನೋಡಿದಳು, ಏನೂ ಏಳಲಿಲ್ಲ.

"ಹಸಿ ಎಣ್ಣಿ ಆಗಿದ್ರ ಒಂದ ಮಳಿಗೆ ತೊಳಕೊಂಡು ಹೋಗ್ತಿತ್ತು. ಒಣಗಿದ್ದು ಇನ್ನ ಎಲ್ಲಿಗೂ ಹೋಗಂಗಿಲ್ಲ ತಮ್ಮಾ" ಎಂದಳು. ಆಮೇಲೆ ಶೆಡ್ಡಿನ ಕಟ್ಟೆಯ ಮೇಲೆ ಕುಳಿತು ಪಕ್ಕದ ಜಾಗ ತಟ್ಟಿದಳು. "ಕುಂಡ್ರು ಬಾ."

ಮುನಾಫಣ್ಣ ಕುಳಿತ. ಸುರೈಯಾ ಚಹಾ ತಂದುಕೊಟ್ಟಳು. ಅವನು ಅದನ್ನು ಪೂರ್ತಿ ಕುಡಿದ.